ಬೆಳ್ಳಿ ಲೋಟದ ತಿಮರೆ ರಸ ‘ನ್ಯಾನೋ ಔಷಧ’ವೇ?

ಉಡುಪಿ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಈ ಥರದ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ: ತಿಮರೆ (ಒಂದೆಲಗ) ಸೊಪ್ಪಿನ ರಸವನ್ನು ರಾತ್ರಿಯಿಡೀ ಬೆಳ್ಳಿ ಲೋಟದಲ್ಲಿಟ್ಟು ಕುಡಿದರೆ ನ್ಯಾನೋ ಬೆಳ್ಳಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು, ಮೈಗೆ ಸೇರಿ ಕ್ಯಾನ್ಸರ್ ಗುಣವಾಗುತ್ತದಂತೆ. ಇದು ನಿಜವಲ್ಲ.

ಆದರೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ ಮಾತೂ ಅಲ್ಲ. ಲ್ಯಾಬಿನಲ್ಲಿ ಎಲೆಯ ರಸದಿಂದ ಬೆಳ್ಳಿಯ ನ್ಯಾನೋ ಕಣ ಮಾಡುವುದುಂಟು. ಅಲ್ಲಿ ಬಳಸುವುದು ಲೋಟವನ್ನಲ್ಲ, ಸಿಲ್ವರ್ ನೈಟ್ರೇಟ್ ಎಂಬ ಲವಣವನ್ನು. ಬಣ್ಣವಿಲ್ಲದ ಆ ದ್ರಾವಣಕ್ಕೆ ರಸ ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿ ಅದು ಹಳದಿಯಾಗಿ, ಆಮೇಲೆ ಕಡು ಚಹಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ರಸದಲ್ಲಿರುವ ಪಾಲಿಫಿನಾಲ್‌ನಂಥ ವಸ್ತುಗಳು ಬೆಳ್ಳಿಯ ಅಯಾನುಗಳನ್ನು (ವಿದ್ಯುದಂಶವಿರುವ ಪರಮಾಣುಗಳನ್ನು) 1ರಿಂದ 100 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಗಾತ್ರದ ಕಣಗಳಾಗಿಸುತ್ತವೆ. ನೋಡಲು ಚೆಂದ! ಆದರೆ ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೂ ಕಪ್ಪು ಕಲೆ ಬೀಳುತ್ತದೆ, ಅಡುಗೆಮನೆಗೆ ತರುವಂಥದ್ದಲ್ಲ.

ಗಾಯದ ಮೇಲೆ ಹಾಕುವ ಕೆಲವು ಪಟ್ಟಿಗಳಲ್ಲಿ ಬೆಳ್ಳಿ ಇರುವುದು ಹೌದು. ಅದು ಹೊರಗೆ ಹಚ್ಚುವ ಮಾತಾಯಿತು. ಬೆಳ್ಳಿ ಕಣ ಬೆರೆಸಿದ ನೀರನ್ನು ಬಹಳ ದಿನ ಕುಡಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ.

ಮೆಸೇಜಿನಲ್ಲಿ ‘ಸಂಶೋಧನೆ ಹೇಳಿದೆ’ ಎಂದಿದ್ದರೆ, ಆ ಲೇಖನ ಹುಡುಕಿ ಒಂದೇ ಪದ ನೋಡಿ: ‘ಇನ್ ವಿಟ್ರೋ’. ಅಂದರೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಮಾಡಿದ ಪ್ರಯೋಗ, ಮನುಷ್ಯರ ಮೇಲಲ್ಲ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಬ್ಲೀಚ್ ಕೂಡ ಕೊಲ್ಲುತ್ತದೆ, ಅಲ್ವಾ? ಮನುಷ್ಯರ ಮೇಲಿನ ಔಷಧ ಪ್ರಯೋಗಗಳ ಸರ್ಕಾರಿ ಪಟ್ಟಿ ಆನ್‌ಲೈನಿನಲ್ಲಿದೆ, ಯಾರು ಬೇಕಾದರೂ ಹುಡುಕಬಹುದು.

ಕಳಿಸಿದವರು ಯಾರೋ ಕಾಯಿಲೆಯವರ ಮೇಲಿನ ಕಾಳಜಿಯಿಂದಲೇ ಕಳಿಸಿರುತ್ತಾರೆ, ಜಗಳ ಬೇಡ. ತಿಮರೆ ಚಟ್ನಿ ಗಂಜಿ ಜೊತೆ ಧಾರಾಳವಾಗಿ ತಿನ್ನಿ. ಚಿಕಿತ್ಸೆಯನ್ನು ಮಾತ್ರ ನಿಲ್ಲಿಸಬೇಡಿ.