ಗಾಳಿ ಇಜ್ಜಿ ಮಾರಾಯ್ರೆ!

ಉಚ್ಚಿಲ ದಾಟುವಾಗ ಸ್ಕೂಟರಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಕೈ ಬೀಸಿ ಏನೋ ಕೂಗಿದ. ಭಾವ ಕಿಟಕಿಯಿಂದ ಕೈ ಹೊರಗೆ ಹಾಕಿ, ಚುನಾವಣೆಗೆ ನಿಂತವರ ಹಾಗೆ ಬೀಸಿದರು.

"ನೋಡಿದ್ರಾ ಭಾವ, ಜನಕ್ಕೆ ಎಷ್ಟು ಖುಷಿ!"

ಸ್ವಲ್ಪ ಹೊತ್ತಿಗೆ ಒಂದು ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ಶಿಳ್ಳೆ ಹೊಡೆದ. ಭಾವ ಅವನಿಗೂ ಕೈ ಬೀಸಿದರು. ಕಾಪು ಹತ್ತಿರ ಬಂದಾಗ, ಹಿಂದೆ ನೀಲಿ ಪೆಟ್ಟಿಗೆ ಕಟ್ಟಿಕೊಂಡ ಮೀನಿನ ಬೈಕಿನವನು ನಮ್ಮ ಪಕ್ಕಕ್ಕೇ ಬಂದು ಗಂಟಲು ಹರಿಯುವಂತೆ ಕೂಗಿದ. "ಅಣ್ಣಾ, ಟಯರ್‌ಡ್ ಗಾಳಿ ಇಜ್ಜಿ ಮಾರಾಯ್ರೆ!"

ಇಳಿದು ನೋಡಿದರೆ, ಹಿಂದೆ ಕಟ್ಟಿದ್ದ ಗಾಡಿಯ ಟಯರಿನಲ್ಲಿ ಗಾಳಿ ಇಲ್ಲದ್ದು ಹಳೆಯ ಸಂಗತಿ. ಈಗ ಟಯರೂ ಇರಲಿಲ್ಲ. ರಿಮ್ಮಿನ ಸುತ್ತ ಒಣಗಿದ ಬಾಳೆನಾರಿನ ಹಾಗೆ ಏನೋ ನೇತಾಡುತ್ತಿತ್ತು.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ನಾನು ಅವರಿಗೆ ಭಾವ, ಅವರು ನನಗೆ ಭಾವ. ದುಬೈಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವರು. ಗಲ್ಫಿನಿಂದ ಬಂದವರೆಲ್ಲ ಊರಲ್ಲಿ ಮನೆ ಕಟ್ಟಿಸುತ್ತಾರೆ. ಇವರೂ ಕಟ್ಟಿಸಿದರು, ಆದರೆ ಕೆಳಗೆ ಎರಡು ಚಕ್ರ ಹಾಕಿಸಿದರು. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಐದು ತಿಂಗಳು ಕೂತು ಮಾಡಿಸಿದ ಕ್ಯಾರವಾನ್. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಅಂಗೈ ಅಗಲದ ಸಿಂಕು. ಪಕ್ಕದಲ್ಲಿ ಮೇಲಕ್ಕೆ ಎತ್ತಿ ಕೋಲು ಕೊಡುವ ದೊಡ್ಡ ಕಿಟಕಿ. ಬೊಲೆರೊದ ಹಿಂದೆ ಕಟ್ಟಿ ಎಳೆಯುವುದು. ಮೊದಲ ಸಲ ನೋಡಿದಾಗ ನನ್ನ ಹೆಂಡತಿ, "ಅಣ್ಣ, ಚಂದ ಉಂಟು. ಆದ್ರೆ ಗೂಡಂಗಡಿ ಥರ ಕಾಣ್ತದೆ" ಎಂದಿದ್ದಳು. ಭಾವ ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ.

ಅವಳು ಹೇಳಿದ್ದು ಸುಳ್ಳೇನಲ್ಲ. ಪಣಂಬೂರು ಬೀಚಿನಲ್ಲಿ ನಿಲ್ಲಿಸಿ ಕಿಟಕಿ ಎತ್ತಿದ ಕೂಡಲೇ ಒಬ್ಬ ಹುಡುಗ ಬಂದು, "ಎರಡು ಚರುಮುರಿ, ಒಂದಕ್ಕೆ ಖಾರ ಕಮ್ಮಿ" ಎಂದಿದ್ದ.

ಇರಲಿ, ಟಯರಿಗೆ ಬರುತ್ತೇನೆ. ಸ್ಟೆಪ್ನಿ ಹಾಕಿ ಹೇಗೋ ಮನೆ ಸೇರಿದೆವು. ಮರುದಿನ ಪಂಕ್ಚರ್ ಅಂಗಡಿಯ ಕಾಕ ಆ ರಬ್ಬರ್ ಚೂರುಗಳನ್ನು ಡಾಕ್ಟರ್ ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು.

"ಇದು ಒಮ್ಮೆಲೇ ಒಡೆದದ್ದಲ್ಲ. ಸಣ್ಣ ಮೊಳೆ. ಗಾಳಿ ಮೆಲ್ಲ ಮೆಲ್ಲ ಹೋಗಿದೆ. ಗಾಳಿ ಕಮ್ಮಿ ಆದ್ರೆ ಟಯರಿನ ಪಕ್ಕ ಮಡಚಿ ಮಡಚಿ ಬಿಸಿ ಆಗ್ತದೆ. ಬಿಸಿ ಆದ್ರೆ ಸೀಳ್ತದೆ. ನಿಮಗೆ ಗೊತ್ತೇ ಆಗ್ಲಿಲ್ವಾ?"

ಗೊತ್ತಾಗುವುದು ಹೇಗೆ? ಕಾರಿನ ಟಯರಾದರೆ ಸ್ಟಿಯರಿಂಗ್ ಎಳೆಯುತ್ತದೆ, ಸೀಟಿನ ಅಡಿಯಲ್ಲಿ ದಡ ದಡ ಅನ್ನುತ್ತದೆ. ಹಿಂದೆ ಕಟ್ಟಿದ ಗಾಡಿಯ ನೋವು ಮುಂದೆ ಕೂತವನಿಗೆ ತಲುಪುವುದೇ ಇಲ್ಲ. ಅದೂ ಮುಂದೆ ಕೂತವನು ಜನರಿಗೆ ಕೈ ಬೀಸುವುದರಲ್ಲಿ ಇದ್ದರೆ.

ಭಾವನ ಮಗಳು ಅಮೆರಿಕದಲ್ಲಿದ್ದಾಳೆ. ಫೋನಿನಲ್ಲೇ ಪರಿಹಾರ ಹೇಳಿದಳು. "ಪಪ್ಪಾ, ಟಿಪಿಎಂಎಸ್ ಹಾಕಿಸಿ." ಟಯರಿನ ಗಾಳಿ ಎಷ್ಟುಂಟು ಅಂತ ಡ್ರೈವರಿನ ಮುಂದೆ ತೋರಿಸುವ ಸಾಮಾನು. ಅಲ್ಲಿ 2000ದಲ್ಲೇ ಅದಕ್ಕೆ ಕಾನೂನು ಬಂತಂತೆ. 2007ರ ಸೆಪ್ಟೆಂಬರ್‌ನಿಂದ ತಯಾರಾದ ಎಲ್ಲ ಹೊಸ ಕಾರುಗಳಲ್ಲೂ ಅದು ಇರಲೇಬೇಕು. ಗಾಳಿ 25 ಶೇಕಡಾ ಕಡಿಮೆಯಾದರೆ ದೀಪ ಉರಿಯಬೇಕು. ಆದರೆ ಆ ಕಾನೂನು ಹಿಂದೆ ಕಟ್ಟುವ ಗಾಡಿಗೆ ಇಲ್ಲ. ಅಲ್ಲಿನವರೂ ನಮ್ಮ ಹಾಗೆಯೇ ಅಂಗಡಿಯಿಂದ ತಂದು ಹಾಕಿಕೊಳ್ಳಬೇಕು.

ಆರಿಸುವ ಕೆಲಸ ನನ್ನ ತಲೆಗೆ ಬಂತು. ಕಾರಣ, ನಾನು ಬ್ಯಾಂಕಿನಲ್ಲಿದ್ದವನು. ಸಣ್ಣ ಅಕ್ಷರ ಓದುವ ಅಭ್ಯಾಸ ಉಂಟು ಅಂತ ಮನೆಯವರ ನಂಬಿಕೆ. ಆ ಅಭ್ಯಾಸ ಇದ್ದದ್ದು ಗಿರಾಕಿಗಳಿಗೆ ಓದಿ ಹೇಳಲಿಕ್ಕೆ. ನಾನೇ ಗಿರಾಕಿ ಆದಾಗ ಓದುವುದಿಲ್ಲ.

ಅದಕ್ಕೇ ಮೊದಲು ತರಿಸಿದ್ದು ಕಾರಿನ ಕಿಟ್ಟು. ಅಗ್ಗ, ಚಂದದ ಡಬ್ಬಿ. ಸೆನ್ಸಾರನ್ನು ವಾಲ್ವಿನ ಟೊಪ್ಪಿಯ ಜಾಗದಲ್ಲಿ ತಿರುಗಿಸಿದರೆ ಆಯಿತು. ಕ್ಯಾರವಾನಿಗೆ ಹಾಕಿದರೆ ಡಿಸ್‌ಪ್ಲೇಯಲ್ಲಿ ಬರೀ ಅಡ್ಡಗೆರೆ. ಆಮೇಲೆ ಡಬ್ಬಿಯ ತಳ ಓದಿದೆ. ಅದು ಅಳೆಯುವುದು 50 ಪಿಎಸ್‌ಐವರೆಗೆ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. ನಮ್ಮ ಕ್ಯಾರವಾನಿನದು ಲೈಟ್ ಟ್ರಕ್ ಟಯರು, ತುಂಬುವುದು 65. ಅದನ್ನು ಸುಮ್ನೆ ನನ್ನ ಕಾರಿಗೆ ಹಾಕಿಕೊಂಡೆ. ಇನ್ನೊಂದು, ಮೊಬೈಲಿಗೆ ಬ್ಲೂಟೂತಿನಲ್ಲಿ ಸುದ್ದಿ ಕಳಿಸುವಂಥದ್ದು. ನಿಂತಲ್ಲಿ ಚೆನ್ನಾಗಿ ಕೆಲಸ ಮಾಡಿತು. ಹೊರಟರೆ, ಹಿಂದಿನ ಚಕ್ರದಿಂದ ಡ್ಯಾಶ್‌ಬೋರ್ಡಿಗೆ ನಡುವೆ ಅಷ್ಟೂ ತಗಡು ಅಲ್ವಾ, ಸಿಗ್ನಲ್ ದಾಟಲೇ ಇಲ್ಲ. ಟಯರಿನ ಒಳಗೇ ಕೂರಿಸುವ ಸೆನ್ಸಾರ್ ಅಂತಲೂ ಉಂಟು. ಕಳ್ಳರಿಗೆ ಕಾಣುವುದಿಲ್ಲ, ಉಪ್ಪು ಗಾಳಿ ತಾಗುವುದಿಲ್ಲ. ಆದರೆ ಬ್ಯಾಟರಿ ಮುಗಿದರೆ ಟಯರನ್ನೇ ರಿಮ್ಮಿನಿಂದ ಬಿಚ್ಚಬೇಕು. ಭಾವ ಒಪ್ಪಲಿಲ್ಲ. ಅವರಿಗೆ ದಿನಾ ಬಿಚ್ಚಿ ಹಾಕುವಂಥದ್ದು ಏನಾದರೂ ಬೇಕು.

ಕೊನೆಗೆ ತಂದದ್ದು ಹೊರಗೆ ಹಾಕುವ ಆರು ಸೆನ್ಸಾರು, ಸೋಲಾರ್ ಡಿಸ್‌ಪ್ಲೇ, ನಡುವೆ ಸಿಗ್ನಲ್ ಹಿಡಿದು ಮುಂದೆ ದಾಟಿಸುವ ಸಣ್ಣ ಪೆಟ್ಟಿಗೆ. ಬೊಲೆರೊಗೆ ನಾಲ್ಕು, ಕ್ಯಾರವಾನಿಗೆ ಎರಡು. ಕಾಕ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ, "ಸ್ವಲ್ಪ ಭಾರ ಅಲ್ವಾ?" ಎಂದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಕನ ಹತ್ತಿರ ಇದ್ದದ್ದು ಒಂದು ಕಬ್ಬಿಣದ ರಾಡು. ಅದರಿಂದ ಟಯರಿಗೆ ಹೊಡೆದು, ಸದ್ದು ಕೇಳಿಯೇ ಗಾಳಿ ಹೇಳುವವರು. ನಮ್ಮ ಹತ್ತಿರ ಡಿಜಿಟಲ್ ಇತ್ತು.

ಮೊದಲ ದಿನವೇ ಭಾವನ ಫೋನು. "ಭಾವ, ಬೇಗ ಬನ್ನಿ, ಗಾಳಿ ಎಲ್ಲ ಹೋಗಿದೆ! ನಾಲ್ಕೂವರೆ ತೋರಿಸ್ತಾ ಉಂಟು!" ಬಂಕಿನ ಹುಡುಗ ಮೂರು ಸಲ ನೋಡಿ ಮೂರು ಸಲವೂ 65 ಎಂದನಂತೆ. ಡಿಸ್‌ಪ್ಲೇ ತೋರಿಸುತ್ತಿದ್ದದ್ದು ಪಿಎಸ್‌ಐ ಅಲ್ಲ, ಬಾರ್ ಅನ್ನುವ ಇನ್ನೊಂದು ಅಳತೆ. ನಾಲ್ಕೂವರೆ ಬಾರ್ ಅಂದರೆ ಅದೇ 65. ಪಾರ್ಕಿಂಗ್‌ನಲ್ಲಿ ನಿಂತು ಭಾವ "ನಾಲ್ಕೂವರೆ ಬಾರ್, ನಾಲ್ಕೂವರೆ ಬಾರ್" ಅಂತ ಫೋನಿನಲ್ಲಿ ಖುಷಿಪಡುವುದನ್ನು ಕೇಳಿ, ಅತ್ತಿಗೆ ಸಂಜೆ ಅವರ ಬಾಯಿ ಮೂಸಿ ನೋಡಿದರು.

ಆಮೇಲೆ ಆಟಿ ತಿಂಗಳ ಮಳೆ ಬಂತು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ನಿಂತು ಸೋಲಾರ್ ಆರಿಸಿದವನು ನಾನೇ. ಹದಿನೈದು ದಿನ ಸೂರ್ಯನ ಮುಖ ಕಾಣಲಿಲ್ಲ, ಡಿಸ್‌ಪ್ಲೇಯೂ ಕಣ್ಣು ಮುಚ್ಚಿತು. ಮಳೆ ಬಿಟ್ಟ ಮೇಲೆ ಸೆನ್ಸಾರು ತೆಗೆಯಲು ಹೋದರೆ ಬರಲೇ ಇಲ್ಲ. ಸಮುದ್ರದ ಗಾಳಿಗೆ ಅದರ ಅಲ್ಯೂಮಿನಿಯಂ ತಿರುಪೂ ವಾಲ್ವಿನ ಹಿತ್ತಾಳೆಯೂ ಬೆಳ್ಳಗೆ ಬೂಸ್ಟು ಬಂದು ಕಚ್ಚಿ ಹಿಡಿದಿದ್ದವು. ಹಾಕುವಾಗಲೇ ತಿರುಪಿಗೆ ಚೂರು ಗ್ರೀಸ್ ಸವರಬೇಕಿತ್ತು. ಕಾಕ ಇಕ್ಕುಳದಲ್ಲಿ ಹೇಗೋ ಬಿಡಿಸಿ ಕೊಟ್ಟರು.

ಡಿಸೆಂಬರಿನಲ್ಲಿ ಸಕಲೇಶಪುರಕ್ಕೆ ಹೊರಟೆವು. ಈ ಪ್ರಯಾಣದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಿಬ್ಬರ ಬುದ್ಧಿ ಒಟ್ಟು ಎಷ್ಟು ಪಿಎಸ್‌ಐ ಅಂತ ಅಳೆದದ್ದು ಆಗಲೇ.

ಮಧ್ಯಾಹ್ನ ಊರೆಲ್ಲ ಸುತ್ತಿ, ಬಿಸಿ ಬಿಸಿ ಟಯರಿಗೆ ಪಡೀಲಿನಲ್ಲಿ 65 ತುಂಬಿಸಿದೆವು. ಅಲಾರಂ ಎಲ್ಲಿಗೆ ಇಡುವುದು ಅಂತ ಚರ್ಚೆ ಆಯಿತು. ಅಮೆರಿಕದವರು ಶೇಕಡಾ 25ಕ್ಕೆ ಇಡ್ತಾರಂತೆ ಅಂದೆ. "ಅವರಿಗೆ ಜೀವದ ಆಸೆ ಇಲ್ಲ" ಎಂದರು ಭಾವ. 10ಕ್ಕೆ ಇಟ್ಟೆವು. ಅಂದರೆ 58ಕ್ಕೆ ಇಳಿದರೆ ಕೂಗಬೇಕು, ಮೇಲೆ 75 ಮುಟ್ಟಿದರೂ ಕೂಗಬೇಕು.

ಶಿರಾಡಿ ಹತ್ತಿ, ರಾತ್ರಿ ಒಂದು ಕಾಫಿ ತೋಟದ ಅಂಗಳದಲ್ಲಿ ಮಲಗಿದೆವು. ಬೆಳಿಗ್ಗೆ ಚಳಿ, 15 ಡಿಗ್ರಿ. ಹೊರಡಲು ಕೀ ತಿರುಗಿಸಿದ್ದೇ ತಡ, ಪೀಂ ಪೀಂ ಪೀಂ. ಕ್ಯಾರವಾನಿನ ಎರಡೂ ಟಯರು 57. ತೋಟದ ನಾಯಿಗಳೆಲ್ಲ ಜೊತೆಗೆ ಕೂಗಿದವು. ಭಾವ ಮಫ್ಲರ್ ಸುತ್ತಿಕೊಂಡು, ಕಾಲಿನ ಪಂಪು ತೆಗೆದು, ಒಂದು ಗಂಟೆ ತುಳಿದು 65 ಮಾಡಿದರು.

ಘಾಟಿ ಇಳಿದೆವು. ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ. ಬಿಸಿಲು ಏರಿತು, ಟಯರೂ ಕಾದವು. ಕಲ್ಲಡ್ಕಕ್ಕೆ ಬರುವಾಗ ಮತ್ತೆ ಪೀಂ ಪೀಂ. ಈಗ 76. ಹೇಗೂ ಕಲ್ಲಡ್ಕ ಅಲ್ವಾ, ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಲು ನಿಲ್ಲಿಸಿದೆವು. ಹಾಲು ಕೆಳಗೆ, ಚಾ ಮೇಲೆ, ಒಂದಕ್ಕೊಂದು ಬೆರೆಯದೆ ನಿಂತ ಆ ಗ್ಲಾಸನ್ನು ನೋಡುತ್ತಾ ಭಾವ ಮೊಳೆಯ ತುದಿಯಿಂದ ವಾಲ್ವು ಒತ್ತಿ ಗಾಳಿ ಬಿಟ್ಟರು. ಮತ್ತೆ 65. ನೆಮ್ಮದಿ.

ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಮತ್ತೆ ಪೀಂ ಪೀಂ. 56.

ಆ ಹೊತ್ತಿಗೆ ನಾನು ಕೈಪಿಡಿ ಓದಿದೆ. ಎಲ್ಲ ಬರೆದಿತ್ತು. ಟಯರಿನ ಅಳತೆ ಅಂದರೆ ತಣ್ಣಗಿದ್ದಾಗಿನದ್ದು. ಬೆಳಿಗ್ಗೆ, ಗಾಡಿ ಓಡಿಸುವ ಮೊದಲು. ನಮ್ಮ ಟಯರಿನಂಥದ್ದರಲ್ಲಿ 10 ಡಿಗ್ರಿ ಬಿಸಿ ಏರಿದರೆ ಎರಡೂವರೆ ಪಿಎಸ್‌ಐ ಏರುತ್ತದೆ, ಇಳಿದರೆ ಇಳಿಯುತ್ತದೆ. ಬಿಸಿ ಟಯರಿನ ಗಾಳಿಯನ್ನು ಯಾವತ್ತೂ ಬಿಡಬಾರದು. ನಾವು ಪಡೀಲಿನಲ್ಲಿ ಬಿಸಿಗೆ ತುಂಬಿ, ಸಕಲೇಶಪುರದಲ್ಲಿ ಚಳಿಗೆ ತುಳಿದು, ಕಲ್ಲಡ್ಕದಲ್ಲಿ ಬಿಸಿಗೆ ಬಿಟ್ಟಿದ್ದೆವು. ಡಿಸ್‌ಪ್ಲೇ ಹೇಳಿದ್ದು ಒಂದೂ ಸುಳ್ಳಲ್ಲ, ನಾವು ಮಾಡಿದ್ದು ಒಂದೂ ಸರಿಯಲ್ಲ.

ಭಾವ ಮಾತ್ರ ಬೇರೆ ತೀರ್ಮಾನಕ್ಕೆ ಬಂದರು. "ಇದು ಸುಮ್ನೆ ಹೆದರಿಸ್ತದೆ" ಅಂತ ಸದ್ದು ಬಂದ್ ಮಾಡಿದರು. ಅಷ್ಟೇ ಆದರೆ ಪರವಾಗಿಲ್ಲ. ಎಲ್ಲೋ ಓದಿದರಂತೆ, 2020ರಲ್ಲಿ ನಮ್ಮ ದೇಶದಲ್ಲೂ ನಿಯಮ ಬಂದಿದೆ, ಟಿಪಿಎಂಎಸ್ ಇದ್ದರೆ ಸ್ಟೆಪ್ನಿ ಬೇಡ ಅಂತ. ಅದು ಟ್ಯೂಬ್‌ಲೆಸ್ ಟಯರೂ ಪಂಕ್ಚರ್ ಹಾಕುವ ಕಿಟ್ಟೂ ಇರುವ ಕಾರುಗಳಿಗೆ ಅಂತ ನಾನು ಹೇಳಿದೆ. ಹಿಂದೆ ಎಳೆಯುವ ಮನೆಗಲ್ಲ ಅಂತಲೂ ಹೇಳಿದೆ. ಭಾವ ಕೇಳಲಿಲ್ಲ. ಸ್ಟೆಪ್ನಿ ಇಳಿಸಿ ಆ ಜಾಗದಲ್ಲಿ ಇಡ್ಲಿಯ ಅಟ್ಟಿನಳಗೆ ಇಟ್ಟರು.

ಜನವರಿಯಲ್ಲಿ ಮರವಂತೆಗೆ ಹೋದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಭಾವ ಎರಡೂ ಕಡೆ ನೋಡುತ್ತಿದ್ದರು. ನನ್ನ ಹೆಂಡತಿ ಹಿಂದಿನ ಸೀಟಿನಿಂದ, "ಅಣ್ಣ, ಅಲ್ಲಿ ಕೆಂಪು ಕಾಣ್ತದಲ್ಲ, ಅದು ಎಂಥ?" ಎಂದಳು.

"ಸೂರ್ಯಾಸ್ತ."

"ಬೆಳಿಗ್ಗೆ ಹನ್ನೊಂದು ಗಂಟೆಗಾ? ಡ್ಯಾಶ್‌ಬೋರ್ಡಿನಲ್ಲಿ ಮಾರಾಯ!"

ಎಡಗಡೆ ಟಯರು, 31. ನೋಡುತ್ತಿದ್ದ ಹಾಗೆ 28. ಈ ಸಲವಾದರೂ ಟಯರು ಉಳಿಯುವಾಗಲೇ ನಿಲ್ಲಿಸಿದೆವು, ಅಷ್ಟರ ಮಟ್ಟಿಗೆ ದುಡ್ಡು ದಂಡ ಅಲ್ಲ. ಆದರೆ ಸ್ಟೆಪ್ನಿ ಮಂಗಳೂರಿನಲ್ಲಿತ್ತು. ಜಾಕ್ ಕೊಟ್ಟು ಚಕ್ರ ಬಿಚ್ಚಿ, ಬೊಲೆರೊದ ಹಿಂದೆ ಹಾಕಿಕೊಂಡು ನಾನೊಬ್ಬನೇ ಕುಂದಾಪುರಕ್ಕೆ ಹೊರಟೆ. ಸದ್ದು ಮತ್ತೆ ಆನ್ ಮಾಡಿದ್ದು ನನ್ನ ತಪ್ಪು. ಗಾಡಿಯ ಒಳಗೆ ಅಂಗಾತ ಮಲಗಿದ್ದ ಚಕ್ರಕ್ಕೆ ಗಾಳಿ ಇಲ್ಲ ಅಂತ ಅದು ಕುಂದಾಪುರದವರೆಗೂ ಕೂಗಿತು.

ಅಂಗಡಿಯವನು ಚಕ್ರವನ್ನು ನೀರಿಗೆ ಅದ್ದಿ ನೋಡಿದ. "ಹ್ವಾಯ್, ಪಂಕ್ಚರ್ ಎಂತದೂ ಇಲ್ಲೆ ಕಾಣಿ." ಗುಳ್ಳೆ ಬರುತ್ತಿದ್ದದ್ದು ವಾಲ್ವಿನ ಬುಡದಿಂದ. ರಬ್ಬರ್ ವಾಲ್ವು, ತುದಿಯಲ್ಲಿ ಸೆನ್ಸಾರಿನ ಭಾರ. ಚಕ್ರ ತಿರುಗಿದಷ್ಟೂ ಆ ಭಾರ ಹೊರಗೆ ಎಳೆದೂ ಎಳೆದೂ ಬುಡ ಬಿರುಕು ಬಿಟ್ಟಿತ್ತು. ಅದೂ ಅಲ್ಲದೆ ಇಂಥ ರಬ್ಬರ್ ವಾಲ್ವು ತಾಳುವುದೇ 65ರವರೆಗೆ, ನಾವು ಕಲ್ಲಡ್ಕದಲ್ಲಿ 76 ಕಾಣಿಸಿದವರು. ಹೊರಗಿನ ಸೆನ್ಸಾರು ಹಾಕುವುದಾದರೆ ವಾಲ್ವು ಲೋಹದ್ದೇ ಬೇಕು. ಗಾಳಿ ಹೋದರೆ ಹೇಳಲಿ ಅಂತ ಹಾಕಿದ ಸಾಮಾನು, ತಾನೇ ಗಾಳಿ ಬಿಟ್ಟು ತಾನೇ ಹೇಳಿತ್ತು. ಕಾಕ ಕೈಯಲ್ಲಿ ತೂಗಿ ನೋಡಿದ್ದು ನೆನಪಾಯಿತು.

ಎರಡು ಸ್ಟೀಲ್ ವಾಲ್ವು ತೆಗೆದುಕೊಂಡು, ಒಂದನ್ನು ಹಾಕಿಸಿ, ಇನ್ನೊಂದನ್ನು ಕಿಸೆಯಲ್ಲಿಟ್ಟುಕೊಂಡು ವಾಪಸ್ ಬರುವಾಗ ಎರಡು ಗಂಟೆ ದಾಟಿತ್ತು. ದೂರದಿಂದಲೇ ಕ್ಯಾರವಾನಿನ ಸುತ್ತ ಜನ ಕಂಡಿತು. ಎದೆ ಧಸಕ್ಕೆಂದಿತು. ಜಾಕ್ ಜಾರಿತೋ ಏನೋ ಅಂತ ಓಡಿದೆ.

ಕಿಟಕಿ ಮೇಲಕ್ಕೆ ಎತ್ತಿತ್ತು. ಒಳಗೆ ನನ್ನ ಹೆಂಡತಿ ಟೊಮೆಟೊ, ನೀರುಳ್ಳಿ ಹೆಚ್ಚುತ್ತಿದ್ದಳು. ಭಾವ ಹೆಗಲಿಗೆ ಬೈರಾಸು ಹಾಕಿಕೊಂಡು, ಅಟ್ಟಿನಳಗೆಯ ಮುಚ್ಚಳದಲ್ಲಿ ಮಂಡಕ್ಕಿಗೆ ತೆಂಗಿನೆಣ್ಣೆ ಬಿಟ್ಟು ಕಲಸುತ್ತಿದ್ದರು. ಮುಂದೆ ಆರೇಳು ಜನ ಪೇಪರ್ ಪೊಟ್ಟಣಕ್ಕೆ ಕಾಯುತ್ತಿದ್ದರು.

"ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಭಾವ, ಬಂದವರೆಲ್ಲ ಚರುಮುರಿ ಚರುಮುರಿ ಅಂತ" ಎಂದರು ಭಾವ, ಮುಖ ಎತ್ತದೆ. "ವಾಲ್ವಿನ ದುಡ್ಡು ಹುಟ್ಟಿತು. ನೀವು ಬರುವಾಗ ಒಂದು ಕಿಲೋ ಮಂಡಕ್ಕಿ ತರ್ಬಹುದಿತ್ತಲ್ಲ?"