ದ್ರೋಣ ವಾಪಸ್ ಕೊಟ್ಟ ಅರ್ಧ ರಾಜ್ಯ

ಬಾಲ್ಯದ ಗೆಳೆಯರು, ಅವರ ನಡುವೆ ಹೊಟ್ಟೆಕಿಚ್ಚು, ಯಾರೂ ಬಾಯಿಬಿಡದ ಒಂದು ಗುಟ್ಟು. ಓಟಿಟಿಯಲ್ಲಿ ಈಗ ಇಂಥ ಸೈಕಲಾಜಿಕಲ್ ಥ್ರಿಲ್ಲರ್‌ಗಳಿಗೆ ಬರವಿಲ್ಲ. ನಾನು ಸಿಕ್ಕಿದ್ದನ್ನೆಲ್ಲ ನೋಡುತ್ತೇನೆ. ಆದರೆ ಹೆಚ್ಚಿನವುಗಳಲ್ಲಿ ಮೊದಲ ಕಂತಿನಲ್ಲೇ ಒಂದು ಹೆಣ ಬೀಳುತ್ತದೆ. ಆಮೇಲೆ ಕೊಂದವರು ಯಾರು ಅನ್ನುವ ಹುಡುಕಾಟದಲ್ಲೇ ಉಳಿದ ಕಂತುಗಳು ಮುಗಿಯುತ್ತವೆ. ಆ ಇಬ್ಬರ ಮನಸ್ಸಿನಲ್ಲಿ ಏನು ನಡೆಯಿತು ಅನ್ನುವುದಕ್ಕೆ ಕೊನೆಯಲ್ಲಿ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್. ನನಗೆ ಬೇಕಾಗಿರುವುದೇ ಆ ಹತ್ತು ನಿಮಿಷ.

ಅದನ್ನೇ ಹಿಡಿದು ಪೂರ್ತಿ ಕತೆ ಹೇಳಿದವರು ವ್ಯಾಸರು. ದ್ರೋಣ ಮತ್ತು ದ್ರುಪದರ ಕತೆಗಿಂತ ದೊಡ್ಡ ಥ್ರಿಲ್ಲರ್ ನಾನು ಇನ್ನೂ ಓದಿಲ್ಲ, ನೋಡಿಲ್ಲ. ನಮ್ಮಲ್ಲಿ ಅದನ್ನು ಸುಮ್ನೆ ಒಂದು ಉಪಕತೆಯ ಹಾಗೆ ದಾಟಿಬಿಡುತ್ತಾರೆ. ದ್ರುಪದನಿಗೆ ಸೊಕ್ಕು, ದ್ರೋಣನಿಗೆ ಅವಮಾನ, ಅರ್ಜುನನಿಂದ ಗುರುದಕ್ಷಿಣೆ, ಮುಗೀತು. ಆದರೆ ಅಸಲಿ ಕತೆ ಶುರುವಾಗುವುದೇ ಅಲ್ಲಿಂದ.

ಮೊದಲಿನದನ್ನು ಬೇಗ ಹೇಳಿಬಿಡುತ್ತೇನೆ. ದ್ರೋಣ ಭರದ್ವಾಜರ ಮಗ, ದ್ರುಪದ ಪಾಂಚಾಲದ ರಾಜಕುಮಾರ. ಇಬ್ಬರೂ ಆಶ್ರಮದಲ್ಲಿ ಒಟ್ಟಿಗೆ ಆಡಿದವರು, ಒಟ್ಟಿಗೆ ಕಲಿತವರು. ನಾನು ರಾಜನಾದರೆ ನನ್ನ ರಾಜ್ಯ, ನನ್ನ ಸುಖ ಎಲ್ಲ ನಿನ್ನದೂ ಹೌದು ಎಂದು ದ್ರುಪದ ಮಾತು ಕೊಡುತ್ತಾನೆ. ಹುಡುಗರು ಆಡುವ ಮಾತು. ಒಬ್ಬ ಮರೆತ. ಇನ್ನೊಬ್ಬ ಮರೆಯಲಿಲ್ಲ.

ದ್ರೋಣನಿಗೆ ಆ ಮಾತು ಮತ್ತೆ ನೆನಪಾದದ್ದು ಮಗನಿಂದ. ಅಶ್ವತ್ಥಾಮ ಬೇರೆ ಹುಡುಗರು ಹಾಲು ಕುಡಿಯುವುದನ್ನು ನೋಡಿ ಅಳುತ್ತಾನೆ. ಮನೆಯಲ್ಲಿ ಹಸು ಇಲ್ಲ. ಓರಗೆಯ ಹುಡುಗರು ಹಿಟ್ಟು ಕಲಸಿದ ನೀರು ಕೊಡುತ್ತಾರೆ. ಮಗು ಅದನ್ನೇ ಕುಡಿದು, ನಾನೂ ಹಾಲು ಕುಡಿದೆ ಎಂದು ಕುಣಿಯುತ್ತದೆ. ಸುತ್ತ ನಿಂತವರು ನಗುತ್ತಾರೆ. ತನ್ನ ಬಡತನವನ್ನು ತಡೆದುಕೊಂಡಿದ್ದ ಅಪ್ಪನಿಗೆ ಆ ನಗು ತಡೆಯಲಾಗುವುದಿಲ್ಲ. ಹೆಂಡತಿ, ಮಗನನ್ನು ಕರೆದುಕೊಂಡು ಹಳೆಯ ಗೆಳೆಯನ ಹತ್ತಿರ ಹೋಗುತ್ತಾನೆ. ಬಡವನಿಗೂ ಸಿರಿವಂತನಿಗೂ, ರಾಜನಿಗೂ ರಾಜನಲ್ಲದವನಿಗೂ ಎಲ್ಲಿಯ ಗೆಳೆತನ ಎಂದು ದ್ರುಪದ ಕೇಳುತ್ತಾನೆ. ಕಾಲ ಕಳೆದ ಹಾಗೆ ಗೆಳೆತನವೂ ಸವೆಯುತ್ತದೆ ಅನ್ನುತ್ತಾನೆ. ಪಂಪ ಕೂಡ ತನ್ನ ಭಾರತದಲ್ಲಿ ಈ ಅವಮಾನದ ಪ್ರಸಂಗವನ್ನು ಬಿಟ್ಟಿಲ್ಲ.

ಕುಚೇಲ ಹೋದದ್ದೂ ಹೀಗೆಯೇ ಅಲ್ವಾ? ಅಲ್ಲೂ ಗುರುಕುಲದ ಗೆಳೆಯ, ಅಲ್ಲೂ ಮನೆಯಲ್ಲಿ ಹಸಿವು, ಅಲ್ಲೂ ರಾಜವೈಭವದ ಬಾಗಿಲು. ಆದರೆ ಕುಚೇಲ ಬಾಯಿಬಿಟ್ಟು ಏನೂ ಕೇಳಲಿಲ್ಲ. ತಂದ ಅವಲಕ್ಕಿಯನ್ನು ಕೊಡುವುದಕ್ಕೂ ನಾಚಿದ. ದ್ರೋಣ ಹಾಗಲ್ಲ. ಪರಶುರಾಮನಿಂದ ಅಸ್ತ್ರವಿದ್ಯೆ ಪಡೆದು ಬಂದವನು. ಎಲ್ಲರ ಎದುರು "ಗೆಳೆಯಾ" ಎಂದು ಕರೆದ. ಅದರಲ್ಲಿ ಪ್ರೀತಿ ಇತ್ತು, ಹಕ್ಕೂ ಇತ್ತು. ದ್ರುಪದನಿಗೆ ಹಕ್ಕು ಮಾತ್ರ ಕೇಳಿಸಿತು.

ಈಗ ನನ್ನನ್ನು ಕಾಡುವ ಜಾಗಕ್ಕೆ ಬರುತ್ತೇನೆ. ಅರ್ಜುನ ದ್ರುಪದನನ್ನು ಹಿಡಿದು ತಂದು ಗುರುವಿನ ಎದುರು ನಿಲ್ಲಿಸುತ್ತಾನೆ. ದ್ರೋಣ ಕೊಲ್ಲಬಹುದಿತ್ತು, ಕೊಲ್ಲಲಿಲ್ಲ. ಹೆದರಬೇಡ, ನಾವು ಒಟ್ಟಿಗೆ ಆಡಿ ಬೆಳೆದವರು, ನನಗೆ ಮತ್ತೆ ನಿನ್ನ ಗೆಳೆತನ ಬೇಕು ಅನ್ನುತ್ತಾನೆ. ರಾಜನಲ್ಲದವನು ರಾಜನ ಗೆಳೆಯನಾಗಲಾರ ಎಂದು ನೀನೇ ಹೇಳಿದೆ, ಅದಕ್ಕೇ ಅರ್ಧ ರಾಜ್ಯ ನಾನು ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ಗಂಗೆಯ ದಕ್ಷಿಣ ನಿನಗೆ, ಉತ್ತರ ನನಗೆ. ದ್ರೋಣನ ಪಾಲಿಗೆ ಬಂದ ಅಹಿಚ್ಛತ್ರದ ಅವಶೇಷಗಳು ಇವತ್ತಿಗೂ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿವೆ.

ಇದನ್ನು ದ್ರೋಣನ ದೊಡ್ಡತನ ಎಂದು ಎಷ್ಟೋ ಜನ ಹೊಗಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕೊಂದಿದ್ದರೆ ಅದು ಸೇಡು, ಅಲ್ಲಿಗೇ ಮುಗಿಯುತ್ತಿತ್ತು. ಗೆಳೆಯನ ರಾಜ್ಯದಲ್ಲೇ ಅರ್ಧವನ್ನು ಗೆಳೆಯನಿಗೇ ಭಿಕ್ಷೆಯ ಹಾಗೆ ಕೊಟ್ಟು, ಈಗ ನಾವಿಬ್ಬರೂ ಸಮ ಅನ್ನುವುದು ಕೊಲ್ಲುವುದಕ್ಕಿಂತ ಕ್ರೂರ. ದ್ರೋಣನಿಗೆ ಹಸು ಬೇಕಾಗಿರಲಿಲ್ಲ, ರಾಜ್ಯವೂ ಬೇಕಾಗಿರಲಿಲ್ಲ. ಅವನಿಗೆ ದ್ರುಪದನ ಸಮಕ್ಕೆ ನಿಲ್ಲಬೇಕಿತ್ತು, ಅದನ್ನು ದ್ರುಪದ ತನ್ನ ಬಾಯಿಂದಲೇ ಒಪ್ಪಬೇಕಿತ್ತು. ಗೆಳೆಯರ ಹೊಟ್ಟೆಕಿಚ್ಚಿಗೆ ಬೇಕಾಗುವುದು ಇದೇ. ದೂರದ ಅರಸನ ಸಿರಿ ನಮ್ಮನ್ನು ಸುಡುವುದಿಲ್ಲ. ಒಂದೇ ಅಂಗಳದಲ್ಲಿ ಆಡಿದವನ ಸಿರಿ ಸುಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಏಬ್ರಹಾಂ ಟೆಸರ್ ಮತ್ತು ಜೊನಾಥನ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಗೆಳೆಯರನ್ನೂ ಅಪರಿಚಿತರನ್ನೂ ಸೇರಿಸಿ ಪದ ಊಹಿಸುವ ಆಟ ಆಡಿಸಿದರು. ಒಬ್ಬರು ಸುಳಿವು ಕೊಡಬೇಕು, ಇನ್ನೊಬ್ಬರು ಪದ ಹೇಳಬೇಕು. ಇದು ಬರೀ ಆಟ ಎಂದು ಹೇಳಿದಾಗ ಜನ ಗೆಳೆಯರಿಗೆ ಸುಲಭದ ಸುಳಿವು ಕೊಟ್ಟರು. ಇದು ನಿಮ್ಮ ಸಾಮರ್ಥ್ಯದ ಪರೀಕ್ಷೆ ಎಂದು ಹೇಳಿದಾಗ ಗೆಳೆಯರಿಗೆ ಅಪರಿಚಿತರಿಗಿಂತ ಕಷ್ಟದ ಸುಳಿವು ಕೊಟ್ಟರು. ಇದನ್ನು ಓದಿದಾಗ ನನಗೆ ನೆನಪಾದದ್ದು ಪಾಂಚಾಲದ ಆ ಸಭೆ.

ಅರ್ಧ ರಾಜ್ಯ ಕೈಗೆ ಬಂದಾಗ ದ್ರುಪದ ಏನು ಮಾಡಿದ? ಸಂತೋಷ, ನಿನ್ನ ಗೆಳೆತನ ಸದಾ ಹೀಗೇ ಇರಲಿ ಎಂದ. ಇಡೀ ಪ್ರಸಂಗದಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವ ಮಾತು ಇದು. ಆಮೇಲೆ ಅವನು ಊರೂರು, ಆಶ್ರಮ ಆಶ್ರಮ ಅಲೆಯುತ್ತಾನೆ. ದ್ರೋಣನನ್ನು ಕೊಲ್ಲುವ ಮಗ ಹುಟ್ಟುವಂಥ ಯಜ್ಞ ಮಾಡಿಸಬೇಕು. ಉಪಯಾಜ ಎಂಬ ಋಷಿ ಒಪ್ಪುವುದಿಲ್ಲ. ಆದರೆ ನನ್ನ ಅಣ್ಣ ಯಾಜ ಮಾಡಿಸಬಹುದು ಅನ್ನುತ್ತಾನೆ. ಒಮ್ಮೆ ಕಾಡಿನಲ್ಲಿ ನೆಲಕ್ಕೆ ಬಿದ್ದ ಹಣ್ಣನ್ನು ಜಾಗ ಶುದ್ಧವೋ ಅಲ್ಲವೋ ನೋಡದೆ ಅಣ್ಣ ಎತ್ತಿಕೊಂಡದ್ದನ್ನು ಅವನು ಗಮನಿಸಿದ್ದ. ಕೊಲೆಗೆ ಜನ ಹುಡುಕುವುದು ಹೇಗೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಬರೆದಿದ್ದಾರೆ? ಹೋಮದ ಬೆಂಕಿಯಿಂದ ಧೃಷ್ಟದ್ಯುಮ್ನ ಬರುತ್ತಾನೆ. ಅದೇ ಯಜ್ಞದ ವೇದಿಯಿಂದ ದ್ರೌಪದಿಯೂ.

ಇನ್ನು ಗುಟ್ಟಿನ ವಿಷಯ. ಈ ಹುಡುಗ ಹುಟ್ಟಿದ್ದು ದ್ರೋಣನನ್ನು ಕೊಲ್ಲಲು ಎಂದು ಎಲ್ಲರಿಗೂ ಗೊತ್ತು, ದ್ರೋಣನಿಗೂ ಗೊತ್ತು. ಹೀಗಿದ್ದೂ ದ್ರೋಣ ಅವನನ್ನು ತನ್ನ ಮನೆಗೆ ಕರೆತಂದು ಅಸ್ತ್ರವಿದ್ಯೆ ಕಲಿಸುತ್ತಾನೆ! ವಿಧಿ ತಪ್ಪುವುದಿಲ್ಲ, ತನ್ನ ಹೆಸರಾದರೂ ಉಳಿಯಲಿ ಎಂದು ಹಾಗೆ ಮಾಡಿದ ಅನ್ನುತ್ತದೆ ಭಾರತ. ದಿನವೂ ಆ ಹುಡುಗನ ಬಿಲ್ಲಿನ ಹಿಡಿತ ತಿದ್ದುವಾಗ ಗುರುವಿನ ಮನಸ್ಸಿನಲ್ಲಿ ಏನಿತ್ತು? ಗೆಳೆಯನಿಗೆ ಮಾಡಿದ್ದರ ಸಾಲ ತೀರಿಸುತ್ತಿದ್ದನಾ? ನೀನು ನನ್ನನ್ನು ಕೊಲ್ಲಬೇಕಾದರೂ ನನ್ನ ವಿದ್ಯೆಯೇ ಬೇಕು ಎಂದು ದ್ರುಪದನಿಗೆ ಮತ್ತೊಮ್ಮೆ ತೋರಿಸುತ್ತಿದ್ದನಾ? ನನಗೆ ಎರಡನೆಯದೇ ನಿಜ ಅನಿಸುತ್ತದೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳಿಬ್ಬರು ಕೂತರೆ ಇದೊಂದೇ ಪ್ರಶ್ನೆ ಬೆಳಗಿನವರೆಗೆ ಸಾಕು.

ಕುರುಕ್ಷೇತ್ರದ ಹದಿನೈದನೆಯ ದಿನ ದ್ರೋಣ ತನ್ನ ಕೈಯಾರೆ ದ್ರುಪದನನ್ನು ಕೊಲ್ಲುತ್ತಾನೆ. ಅದೇ ದಿನ ಧೃಷ್ಟದ್ಯುಮ್ನ ದ್ರೋಣನ ತಲೆ ಕಡಿಯುತ್ತಾನೆ. ಕೊಲ್ಲಬೇಡ, ಜೀವಂತ ಹಿಡಿದು ತಾ ಎಂದು ಅರ್ಜುನ ಕೂಗಿದರೂ ಕೇಳುವುದಿಲ್ಲ. ದ್ರೋಣ ಶಸ್ತ್ರ ಕೆಳಗಿಟ್ಟದ್ದು ಯಾಕೆ? ಅಶ್ವತ್ಥಾಮ ಸತ್ತ ಅನ್ನುವ ಸುಳ್ಳು ಸುದ್ದಿ ಕೇಳಿ. ಯಾವ ಮಗನ ಹಾಲಿಗಾಗಿ ಗೆಳೆಯನ ಬಾಗಿಲಿಗೆ ಹೋದನೋ ಅದೇ ಮಗನ ಹೆಸರಿನಿಂದ ಸತ್ತ. ಮುಂದೆ ಆ ಮಗ ರಾತ್ರಿ ಶಿಬಿರಕ್ಕೆ ನುಗ್ಗಿ, ಮಲಗಿದ್ದ ಧೃಷ್ಟದ್ಯುಮ್ನನನ್ನು ತುಳಿದು ಕೊಲ್ಲುತ್ತಾನೆ.

ಇದನ್ನು ಇವತ್ತು ಸರಣಿ ಮಾಡುವವರು ದಯವಿಟ್ಟು ಯುದ್ಧದಿಂದ ಶುರುಮಾಡಬೇಡಿ. ಶುರುಮಾಡುವ ಜಾಗವನ್ನೂ ವ್ಯಾಸರೇ ತೋರಿಸಿದ್ದಾರೆ. ಏಕಚಕ್ರದಲ್ಲಿ ವೇಷ ಮರೆಸಿಕೊಂಡಿದ್ದ ಪಾಂಡವರಿಗೆ, ಅವರು ಯಾರೆಂದು ಅರಿಯದ ಬ್ರಾಹ್ಮಣನೊಬ್ಬ ಈ ಕತೆ ಹೇಳುತ್ತಾನೆ. ದ್ರುಪದನನ್ನು ಕಟ್ಟಿ ತಂದ ಅರ್ಜುನ ಅಲ್ಲೇ ಕೂತು ಕೇಳುತ್ತಿದ್ದಾನೆ.

ದ್ರುಪದ ಅಂದು ಒಂದು ಹಸು ಕೊಟ್ಟು ಕಳಿಸಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿಂಹಾಸನದಿಂದ ಇಳಿಯದೆ ಕೊಟ್ಟ ಹಸುವನ್ನು ದ್ರೋಣ ಮನೆಗೆ ಹೊಡೆದುಕೊಂಡು ಹೋಗುತ್ತಿದ್ದ, ಮಗನಿಗೆ ಹಾಲೂ ಸಿಗುತ್ತಿತ್ತು. ಆದರೆ ದಿನವೂ ಹಾಲು ಕರೆಯುವಾಗ ಅದು ಯಾರ ಹಸು ಅನ್ನುವುದನ್ನು ಅವನು ಮರೆಯುತ್ತಿರಲಿಲ್ಲ. ನಿಮಗೆ ಬೇರೆ ಅನಿಸಿದರೆ ಬರೆಯಿರಿ, ಜಗಳವಾಡೋಣ.