ಹಗ್ಗ ಹಿಡಿಯದೆ ಬಿಚ್ಚಿದ ಹೋರಿ

ಅಕ್ಕನ ಮಗ ಬೇಸಿಗೆ ರಜೆಗೆ ರಾಯಚೂರಿನಿಂದ ಗಂಗಾವತಿಗೆ ಬರುತ್ತಾನೆ ಅಂತ ಒಂದು ರಿಮೋಟ್ ಕಾರು ತಂದಿಟ್ಟಿದ್ದೆ. ಅವನಿಗೋಸ್ಕರ ಅಂತಲೇ ಮನೆಯಲ್ಲಿ ಹೇಳಿದ್ದೆ. ಹೆಂಡತಿ ನಂಬಲಿಲ್ಲ. ಜಾತ್ರೆಯಲ್ಲಿ ಸಿಗುವ ಆಟಿಕೆ ಅಲ್ಲ ಅದು. ಗೆಳೆಯನೊಬ್ಬ ಓಡಿಸಿ ಬೇಜಾರಾಗಿ ಕೊಟ್ಟ ಮೊಳದುದ್ದದ ಗಾಡಿ. ಹೊಟ್ಟೆಯಲ್ಲಿ 7.4 ವೋಲ್ಟಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಹೇಗೆ ಓಡಿಸಬೇಕು ಅನ್ನೋ ಪುಸ್ತಕ ಮಾತ್ರ ಕಳೆದುಹೋಗಿತ್ತು. ಇದ್ದಿದ್ದರೂ ಓದುತ್ತಿರಲಿಲ್ಲ ಬಿಡಿ.

ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲೇ ಓಣಿಗೆ ಇಳಿದೆವು. ಎದುರು ಮನೆ ದೊಡ್ಡವ್ವ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದಳು. ಸೋನಾ ಮಸೂರಿ ಬೆಳೆಯುವ ಊರಲ್ಲಿ ಏಪ್ರಿಲ್ ತಿಂಗಳು ಸಂಡಿಗೆ ಇಲ್ಲದ ಅಂಗಳ ಇರಲ್ಲ. ನಾನು ಗಾಡಿಯನ್ನು ನೆಲಕ್ಕಿಟ್ಟು, ಬ್ಯಾಟರಿ ಸಿಕ್ಕಿಸಿ, ಸ್ವಿಚ್ ಒತ್ತಿದೆ. ರಿಮೋಟ್ ಟಿವಿ ಪಕ್ಕ ಉಳಿದಿತ್ತು. 'ಹೋಗಿ ತಗೊಂಬಾ' ಅಂತ ಹುಡುಗನನ್ನು ಕಳಿಸಿದೆ.

ಅವನು ಹೊಸ್ತಿಲು ದಾಟಿರಲಿಲ್ಲ. ಗಾಡಿ ಒಮ್ಮೆ ಮೈ ಕೊಡವಿತು. ಆಮೇಲೆ ಝುಂ ಅಂತ ಹೊರಟೇಬಿಟ್ಟಿತು. ಸೀರೆಯ ಮೇಲೆ ಮೂಲೆಯಿಂದ ಮೂಲೆಗೆ ಹಾದು, ಸ್ಕೂಟರ್ ಕೆಳಗೆ ನುಗ್ಗಿ, ಮಲಗಿದ್ದ ಆಡನ್ನು ಎಬ್ಬಿಸಿ, ನಲ್ಲಿ ಕಟ್ಟೆಗೆ ಹಾಯ್ದು ವಾಪಸ್ ತಿರುಗಿತು. ಅಷ್ಟರಲ್ಲಿ ರಿಮೋಟ್ ಬಂತು. ಅದು ಪಿಸ್ತೂಲಿನ ಆಕಾರದ್ದು. ಗಾಬರಿಯಲ್ಲಿ ವೇಗ ಕೊಡುವ ಕುದುರೆಯನ್ನು (ಟ್ರಿಗರ್) ಪೂರ್ತಿ ಒತ್ತಿ ಹಿಡಿದೇ ಆನ್ ಮಾಡಿದೆ. ಗಾಡಿ ಆಗ ನನ್ನ ಮಾತು ಕೇಳಿತು. ಅಂದರೆ ಇನ್ನೂ ಜೋರಾಗಿ ಓಡಿತು. ಉಳಿದರ್ಧ ಸಂಡಿಗೆಯೂ ಮುಗಿಯಿತು. ಕೊನೆಗೆ ಚರಂಡಿಯಲ್ಲಿ ಅಂಗಾತ ಬಿದ್ದು ನಾಲ್ಕೂ ಚಕ್ರ ತಿರುಗಿಸುತ್ತಾ ಮಲಗಿತು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎದ್ದೇಳಲೂ ಇಲ್ಲ. 'ಹಗ್ಗ ಕೈಯಾಗ ಹಿಡೀಲಾರ್ದ ಹೋರಿ ಬಿಚ್ತಾರೇನಲೇ?' ಅಂದ.

ಅಪ್ಪ ರಿಮೋಟ್ ಮುಟ್ಟಿದವನಲ್ಲ. ಆದರೆ ವಿಷಯ ಅಷ್ಟೇ. ಗಾಡಿಯೊಳಗಿನ ರಿಸೀವರ್ ಆನ್ ಆದ ಕೂಡಲೇ ಕಿವಿ ನಿಮಿರಿಸಿ ಆಜ್ಞೆಗಾಗಿ ಕಾಯುತ್ತದೆ. ರಿಮೋಟ್ ಸುಮ್ನಿದ್ದರೆ, ಹಳೇ ಕಾಲದ ರಿಸೀವರ್ ಗಾಳಿಯಲ್ಲಿ ಸಿಕ್ಕ ಗುಜುಗುಜನ್ನೇ ಯಜಮಾನನ ಮಾತು ಅಂದುಕೊಂಡು ಮೋಟಾರ್ ಓಡಿಸಿಬಿಡುತ್ತದೆ. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋ ತರಂಗದ ಸೆಟ್‌ಗಳು ಇಷ್ಟು ದಡ್ಡ ಅಲ್ಲ. ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲಿಸುವ ಫೇಲ್‌ಸೇಫ್ ಅವುಗಳಲ್ಲಿ ಇರುತ್ತದೆ, ಅದನ್ನೂ ನಾವು ಸರಿಯಾಗಿ ಹೊಂದಿಸಿಟ್ಟಿದ್ದರೆ. ನನ್ನದು ಅದಕ್ಕಿಂತ ಹಿಂದಿನ ಸೆಟ್. ಹಾಗಾಗಿ ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ಗಾಡಿ. 1970ರಲ್ಲಿ ಸೋವಿಯತ್‌ನವರು ಲುನೋಖೋದ್-1 ಅನ್ನೋ ಗಾಡಿಯನ್ನು ಚಂದ್ರನ ಮೇಲೆ ಇಳಿಸಿ, ಭೂಮಿಯಲ್ಲಿ ಕೂತು ಓಡಿಸಿದರು. ಸಿಗ್ನಲ್ ಹೋಗಿ ಬರೋದಕ್ಕೇ ಸುಮಾರು ಎರಡೂವರೆ ಸೆಕೆಂಡು. ಆದರೂ ಅದು 10 ಕಿಲೋಮೀಟರಿಗಿಂತ ಜಾಸ್ತಿ ಓಡಿತು. ನನ್ನದು ಎದುರು ಮನೆ ದಾಟಲಿಲ್ಲ. ಚಂದ್ರನ ಮೇಲೆ ಸಂಡಿಗೆ ಇರಲಿಲ್ಲ ಅನ್ನೋದನ್ನೂ ನೋಡಬೇಕಲ್ವಾ?

ಆ ವಾರ ಕಾರಟಗಿ ಕಡೆ ಭಾವಮೈದುನನ ಗದ್ದೆಗೆ ಹೋಗಿದ್ದೆ. ಭತ್ತಕ್ಕೆ ಡ್ರೋನ್‌ನಿಂದ ಔಷಧಿ ಹೊಡೆಯಲು ಇಬ್ಬರು ಹುಡುಗರು ಬಂದಿದ್ದರು. ಎಲ್ಲರನ್ನೂ ದೂರ ನಿಲ್ಲಿಸಿದರು. ಡ್ರೋನನ್ನು ಟ್ರ್ಯಾಕ್ಟರ್ ಪಕ್ಕದಿಂದ ಎತ್ತಿ ಆಚೆ ಇಟ್ಟರು. ಕಬ್ಬಿಣದ ಹತ್ತಿರ ಇದ್ದರೆ ದಿಕ್ಸೂಚಿ ದಿಕ್ಕು ತಪ್ಪುತ್ತದಂತೆ. ಡ್ರೋನನ್ನು ಮೇಲೇರಿಸುವ ಥ್ರಾಟಲ್ ಕಡ್ಡಿ ಕೆಳಗಿದೆಯಾ ಅಂತ ನೋಡಿ ರಿಮೋಟ್ ಆನ್ ಮಾಡಿದರು. ಕೊನೆಗೆ ಬ್ಯಾಟರಿ. ಆಮೇಲೂ ಹಾರಿಸಲಿಲ್ಲ, ಜಿಪಿಎಸ್ ಸಿಗಲಿ ಅಂತ ಕಾದರು. ನಾನು ಏನೂ ಗೊತ್ತಿಲ್ಲದವನ ಹಾಗೆ ನಿಂತು ಎಲ್ಲ ನುಂಗಿಕೊಂಡೆ.

ಮುಂದಿನ ಭಾನುವಾರ ನಾನು ಬೇರೆಯೇ ಮನುಷ್ಯ. ಊಟದ ಮಣೆಯ ಮೇಲೆ ಗಾಡಿಯನ್ನು ಕೂರಿಸಿದೆ, ನಾಲ್ಕೂ ಚಕ್ರ ಗಾಳಿಯಲ್ಲಿ. ಕುದುರೆಯ ಮೇಲೆ ಬೆರಳಿಲ್ಲ. ರಿಮೋಟ್ ಆನ್. ಆಮೇಲೆ ಬ್ಯಾಟರಿ, ಗಾಡಿಯ ಸ್ವಿಚ್. ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ಹೊರಳಿತು! ಸ್ಟೀರಿಂಗ್ ಉಲ್ಟಾ ಮಾಡುವ ಸ್ವಿಚ್ಚನ್ನು ಹುಡುಗ ಯಾವಾಗಲೋ ಮೀಟಿದ್ದ. ನೆಲದ ಮೇಲಿದ್ದಿದ್ದರೆ ಸೀದಾ ದೊಡ್ಡವ್ವನ ಮೆಟ್ಟಿಲಿಗೆ. ಸರಿಮಾಡಿ, ಹತ್ತು ನಿಮಿಷ ಓಣಿ ತುಂಬ ಓಡಿಸಿದೆ. ಹುಡುಗನಿಗೂ ಎರಡು ನಿಮಿಷ ಕೊಟ್ಟೆ.

ಆಮೇಲೆ ಗೆದ್ದವನ ಗತ್ತಿನಲ್ಲಿ ಕಟ್ಟೆಯ ಮೇಲೆ ಕೂತು, ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು, ರಿಮೋಟ್ ಆಫ್ ಮಾಡಿದೆ.

ಲುಂಗಿ ಉಟ್ಟಿದ್ದೆ.

ಎಷ್ಟು ಸುತ್ತು ಸುತ್ತಿಕೊಂಡಿತು ಅಂತ ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಕೈಯಲ್ಲಿ ಮಾನ, ಇನ್ನೊಂದು ಕೈಯಲ್ಲಿ ಮೋಟಾರ್. ಹುಡುಗನೇ ಬಂದು ಬ್ಯಾಟರಿ ಕಿತ್ತ. 'ಗೂಟಕ್ಕ ಕಟ್ಟಿದ ಮ್ಯಾಲ ಹಗ್ಗ ಬಿಡಬೇಕು' ಅಂದ ಅಪ್ಪ. ಆಫ್ ಮಾಡುವಾಗ ಗಾಡಿ ಮೊದಲು, ರಿಮೋಟ್ ಕೊನೆಗೆ. ಇದನ್ನು ಹೋದ ವಾರವೇ ಹೇಳಬಹುದಿತ್ತು ಅಲ್ವಾ?

ಸಂಜೆ ದೊಡ್ಡವ್ವ ಒಂದು ತಟ್ಟೆ ಸಂಡಿಗೆ ಕರಿದು ಕಳಿಸಿದಳು. ಹೋದ ವಾರದವೇ. ಎಣ್ಣೆಯಲ್ಲಿ ಅರಳಿದ ಮೇಲೆ ಟೈರಿನ ಗೆರೆಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು.